ಮಂಜಿನ ಮರೆಯ ಹೊಗೆ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಾರ್ಖಾನೆಯ ಚಿಮಣಿಗೆ ತಲೆಯೇ ಇರಲಿಲ್ಲ. ಬುಡ ಕಾಣುತ್ತಿತ್ತು, ಅದಕ್ಕೆ ಒರಗಿಸಿದ ಕಬ್ಬಿಣದ ಏಣಿಯ ಹತ್ತು ಮೆಟ್ಟಿಲು ಕಾಣುತ್ತಿದ್ದವು. ಅಲ್ಲಿಂದ ಮೇಲೆ ಬರೀ ಬಿಳುಪು. ಗಾಳಿ ಉಸಿರು ಬಿಗಿಹಿಡಿದು ನಿಂತ ಹಾಗಿತ್ತು.

ಹೊಗೆಯಮ್ಮ ಅಂಗಳದ ನಡುವೆ ನಿಂತು ಕತ್ತೆತ್ತಿ ಆ ಬಿಳುಪನ್ನೇ ನೋಡುತ್ತಿದ್ದಳು.

ಬಾಯ್ಲರ್ ಇರುವ ಕಾರ್ಖಾನೆಗಳಲ್ಲೆಲ್ಲ ಅವಳಿಗೆ ಅದೇ ಹೆಸರು. ಯಾವ ಒಲೆಯಲ್ಲಿ ಏನು ಉರಿಯಬಹುದು, ಏನು ಉರಿಯಕೂಡದು ಎಂದು ಸರ್ಕಾರದ ಪರವಾಗಿ ಪರವಾನಗಿ ಬರೆಯುವವಳು ಅವಳು. ಬರೆದದ್ದು ನಡೆಯುತ್ತಿದೆಯೇ ಎಂದು ನೋಡಿಹೋಗುವವಳೂ ಅವಳೇ. ಇಪ್ಪತ್ತಾರು ವರ್ಷ ಚಿಮಣಿಗಳನ್ನು ನೋಡಿ ನೋಡಿ ಅವಳ ಕತ್ತು ಸ್ವಲ್ಪ ಹಿಂದಕ್ಕೇ ಬಾಗಿಹೋಗಿತ್ತು.

ಮೂರು ದಿನದ ಹಿಂದೆ, ಇಂಥದೇ ಮಂಜಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಈ ಕಾರ್ಖಾನೆಯ ಬಾಯ್ಲರ್ ನಡೆಸುವ ಕೆಂಡಣ್ಣ ಹೊಗೆ ಕುಡಿದು ಬಿದ್ದಿದ್ದ. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಡಾಕ್ಟರು ಬೆಳಗಾಗುವ ಹೊತ್ತಿಗೇ ಅವಳಿಗೆ ಫೋನು ಮಾಡಿದ್ದರು. ಮಾತು ಮೆತ್ತಗಿತ್ತು, ಅದಕ್ಕೇ ಹೆಚ್ಚು ಹೆದರಿಕೆಯಾಗಿತ್ತು.

"ಹೊಗೆಯಲ್ಲಿ ಯಾವುದೋ ಲೋಹ ಇತ್ತು. ಅಷ್ಟು ಗೊತ್ತು. ಯಾವ ಲೋಹ ಅಂತ ಗೊತ್ತಿಲ್ಲ. ಒಂದಕ್ಕೆ ಮದ್ದಾಗೋದು ಇನ್ನೊಂದಕ್ಕೆ ಕೊಟ್ಟರೆ ಕಿಡ್ನಿಯನ್ನೇ ಮುಗಿಸಿಬಿಡುತ್ತೆ. ರಕ್ತದ ವರದಿ ಬರೋಕೆ ಇನ್ನೂ ನಾಲ್ಕು ದಿನ. ಅವನ ಹತ್ತಿರ ನಾಲ್ಕು ದಿನ ಇಲ್ಲ."

"ಎಷ್ಟಿದೆ?"

"ಇವತ್ತು ಮಧ್ಯಾಹ್ನ ಹನ್ನೆರಡರ ತನಕ ಕಾಯ್ತೀನಿ. ಏನು ಸುಟ್ಟರು ಅಂತ ತಂದುಕೊಡಿ. ಇಲ್ಲದಿದ್ರೆ ಕಣ್ಣು ಮುಚ್ಚಿ ಒಂದು ಮದ್ದು ಆರಿಸ್ತೀನಿ. ದೇವರು ನಡೆಸಿದ ಹಾಗೆ."

ದೇವರ ಮೇಲೆ ಹೊಗೆಯಮ್ಮನಿಗೆ ಭಕ್ತಿಯಿತ್ತು. ಆದರೆ ಮನುಷ್ಯ ಮಾಡಿಟ್ಟ ಗಂಟನ್ನು ದೇವರು ಬಂದು ಬಿಚ್ಚಲಿ ಎಂದು ಕೂರುವುದು ಅವಳಿಗೆ ಒಗ್ಗುತ್ತಿರಲಿಲ್ಲ.

ಗಂಟೆ ಏಳೂಕಾಲು. ಅವಳು ಬಾಯ್ಲರ್ ಮನೆಯೊಳಗೆ ಹೋದಳು.

ಒಲೆ ಆರಿತ್ತು. ಮೂರು ದಿನದಿಂದ ಬೆಂಕಿ ಕಾಣದ ಇಟ್ಟಿಗೆ ತಣ್ಣಗೆ ಹುಳಿ ವಾಸನೆ ಬಿಡುತ್ತಿತ್ತು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಅವಳೇ ಬರೆದ ಪರವಾನಗಿ, ಹದಿನಾಲ್ಕು ಷರತ್ತು. ಗಾಜಿನ ಮೇಲೆ ಎಷ್ಟು ಮಸಿ ಕೂತಿತ್ತೆಂದರೆ ನಾಲ್ಕನೆಯ ಷರತ್ತಿನಿಂದ ಕೆಳಗೆ ಓದಲಾಗುತ್ತಿರಲಿಲ್ಲ.

ಮೇಜಿನ ಮೇಲೆ ಗಂಟೆ ಲೆಕ್ಕದ ಪುಸ್ತಕ. ಪ್ರತಿ ಗಂಟೆಗೂ ಒಲೆಯ ಶಾಖವೆಷ್ಟು, ಹೊಗೆಯ ಬಣ್ಣ ಯಾವುದು, ಯಾವ ಕಡೆಗೆ ಹೋಯಿತು, ಎಲ್ಲ ಬರೆಯಬೇಕು.

ಪಾಳಿ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಐವತ್ತರ ಆಸುಪಾಸಿನ ಮನುಷ್ಯ, ದೊಡ್ಡ ಮೈ. ಕೆಂಡಣ್ಣನ ಅಕ್ಕನ ಗಂಡ.

"ಬನ್ನಿ ಮೇಸ್ತ್ರಿಗಳೇ. ಇದನ್ನ ಓದಿ."

ಅವನು ಓದಿದ. "ಬೆಳಿಗ್ಗೆ ಆರು ಗಂಟೆ. ಶಾಖ ಸಾವಿರದ ನಲವತ್ತು. ಹೊಗೆ ತಿಳಿ. ನೇರ ಮೇಲಕ್ಕೆ."

"ನೇರ ಮೇಲಕ್ಕೆ."

"ಹೌದು ಮೇಡಂ. ಹೊಗೆ ಮೇಲಕ್ಕೇ ಹೋಗೋದು. ಅದೇನು ಸರ್ಕಾರಿ ನೌಕರನಾ, ಅಡ್ಡಾಡಿಕೊಂಡು ಹೋಗೋಕೆ?"

ಹೊಗೆಯಮ್ಮ ನಕ್ಕಳು. ಅವನ ಮಾತಿಗೆ ನಗಬೇಕೆನಿಸಿದ್ದು ನಿಜ. "ಈಗ ಹೊರಗೆ ನೋಡಿ. ಚಿಮಣಿ ತುದಿ ಕಾಣುತ್ತಾ?"

"ಇಲ್ಲ."

"ಅವತ್ತು?"

"ಅವತ್ತು..." ಅವನು ಕಿವಿ ತುರಿಸಿಕೊಂಡ.

"ಅವತ್ತು ಆಸ್ಪತ್ರೆ ಗಾಡಿಯವನು ಗೇಟೇ ಕಾಣದೆ ಗೋಡೆಗೆ ತಾಗಿಸಿದ್ದ. ಗುರುತು ಇನ್ನೂ ಇದೆ. ಗೇಟೇ ಕಾಣದ ಮಂಜಲ್ಲಿ ಚಿಮಣಿ ತುದಿಯ ಹೊಗೆ ಯಾರಿಗೆ ಕಾಣಿಸ್ತು?"

ಮೇಸ್ತ್ರಿ ಪುಸ್ತಕವನ್ನು ಅವಳ ಕಡೆಗೆ ಸರಿಸಿದ.

ಅವಳು ಪುಸ್ತಕದ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದಳು. ಪ್ರತಿ ಪುಟದ ಮೂಲೆಯಲ್ಲೂ ಎಣ್ಣೆಯ ಹೆಬ್ಬೆಟ್ಟು. ಬಾಯ್ಲರ್ ನಡೆಸುವವನ ಕೈ ಅದು. ಎಷ್ಟು ಒರೆಸಿಕೊಂಡರೂ ಕಾಗದದ ಮೇಲೆ ಗುರುತು ಬಿಟ್ಟೇ ಬಿಡುತ್ತದೆ. ಆ ದಿನದ ಪುಟ ಮಾತ್ರ ಮದುವೆ ಪತ್ರಿಕೆಯ ಹಾಗೆ ಚೊಕ್ಕಟವಾಗಿತ್ತು.

"ಇದು ಕೆಂಡಣ್ಣ ಬರೆದದ್ದಲ್ಲ. ಆ ಬೆಳಿಗ್ಗೆ ಬರೆದದ್ದೂ ಅಲ್ಲ. ಯಾವಾಗ ಬರೆದಿಟ್ರಿ?"

"ಹಿಂದಿನ ದಿನ ಸಂಜೆ," ಎಂದ ಮೇಸ್ತ್ರಿ, ಅದೊಂದು ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ. "ಅದು ಇಲ್ಲಿಯ ರೂಢಿ ಮೇಡಂ. ಎಲ್ಲ ಕಾರ್ಖಾನೆಯಲ್ಲೂ ಇದೆ. ಪಾಳಿಗೆ ಮುಂಚೆ ಬರೆದಿಟ್ಟರೆ ಕೆಲಸ ಹಗುರ. ಒಲೆ ನೋಡೋದಾ, ಬರೀತಾ ಕೂರೋದಾ? ನೀವು ಕಚೇರಿಯಲ್ಲಿ ಕೂತು ಹದಿನಾಲ್ಕು ಷರತ್ತು ಹಾಕಿಬಿಡ್ತೀರಿ. ಇಲ್ಲಿ ಮನುಷ್ಯನಿಗೆ ಇರೋದು ಎರಡೇ ಕೈ."

ಅವಳು ವಾದಕ್ಕೆ ಇಳಿಯಲಿಲ್ಲ. ಅವನ ಮಾತಿನಲ್ಲಿ ಒಂದಿಷ್ಟು ನಿಜವಿದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ಮನಸ್ಸಿನ ಒಂದು ಬದಿಗೆ ಎತ್ತಿಟ್ಟಳು. "ಮೇಲೆ ಬನ್ನಿ" ಎಂದು ಕಬ್ಬಿಣದ ಮೆಟ್ಟಿಲು ಹತ್ತಿದಳು.

ಮೇಲೆ, ಒಲೆಯ ಭುಜದ ಎತ್ತರದಲ್ಲಿ, ತ್ಯಾಜ್ಯ ಒಳಗಿಳಿಯುವ ಕೊಳವೆ. ಬೇರೆ ಕಾರ್ಖಾನೆಗಳ ಉಳಿಕೆ ಎಣ್ಣೆ, ಬಣ್ಣದ ಗಸಿ, ಇವನ್ನು ಇಲ್ಲಿ ಉರುವಲಾಗಿ ಸುಡಲು ಒಪ್ಪಿಗೆಯಿತ್ತು. ಆದರೆ ಒಲೆ ಸಾವಿರ ಡಿಗ್ರಿಗಿಂತ ಬಿಸಿಯಾಗಿರುವಾಗ ಮಾತ್ರ. ಶಾಖ ಇಳಿದರೆ ಕೊಳವೆಯ ಬಾಯಿಗೆ ಇಟ್ಟ ಮುಚ್ಚಳ ಯಾರೂ ಮುಟ್ಟದೆ ತಾನಾಗಿ ಬೀಳಬೇಕು. ಅರೆಬೆಂದದ್ದು ಹೊರಗೆ ಹೋಗಬಾರದು. ಇಡೀ ಪರವಾನಗಿಯ ಜೀವವೇ ಆ ಅಂಗೈಯಗಲದ ಮುಚ್ಚಳದಲ್ಲಿತ್ತು.

ಮುಚ್ಚಳದ ತೋಳಿನ ಮೇಲೆ ಹೊಳೆಯುವ ಗೀರು. ಕೆಳಗೆ, ಜಾಲರಿಯ ಸಂದಿಯಲ್ಲಿ, ತುಂಡಾದ ತಂತಿ.

ಹೊಗೆಯಮ್ಮ ಮಂಡಿಯೂರಿ ಅದನ್ನು ಎತ್ತಿಕೊಂಡಳು. ಒಂದು ತುದಿಯಲ್ಲಿ ಕೊಕ್ಕೆ, ದಿನಾ ಹಾಕಿ ತೆಗೆದು ನುಣುಪಾದದ್ದು. ಇನ್ನೊಂದು ತುದಿ ಈಗಷ್ಟೇ ಕತ್ತರಿಸಿದಂತೆ ಚೂಪು.

"ಮುಚ್ಚಳ ಬೀಳದ ಹಾಗೆ ಎತ್ತಿ ಕಟ್ಟಿದ್ರಿ."

"ಅದು ಪಾಳಿಗೆ ಹತ್ತು ಸಲ ಬೀಳುತ್ತೆ ಮೇಡಂ. ಬಿದ್ದಾಗೆಲ್ಲ ಕೆಲಸ ನಿಲ್ಲುತ್ತೆ. ನನ್ನ ಬಾಮೈದನೇ ಕಟ್ಟಿದ್ದು. ನಾನು ಹೇಳಿಕೆ ಬರೆದುಕೊಟ್ಟಿದ್ದೀನಲ್ಲ, ಅವನ ಕೈಯಲ್ಲೇ ಇಕ್ಕಳ ಇತ್ತು ಅಂತ."

"ಇಕ್ಕಳ ಇತ್ತು. ಅದೇ ಸರಿಹೋಗ್ತಿಲ್ಲ." ಅವಳು ಕೊಕ್ಕೆಯನ್ನು ಅವನ ಕಣ್ಣ ಮುಂದೆ ಹಿಡಿದಳು. "ಕಟ್ಟಿದವನಿಗೆ ಈ ಕೊಕ್ಕೆ ಗೊತ್ತಿರುತ್ತೆ. ಒಂದು ಬೆರಳು ಆಡಿಸಿದ್ರೆ ಬಿಡುತ್ತೆ. ಕೆಳಗೆ ಒಲೆ ನೋಡಿಕೊಂಡಿದ್ದು, ಮೇಲಿನ ಈ ಕೊಕ್ಕೆ ಗೊತ್ತಿಲ್ಲದವನು ಮಾತ್ರ ಇಕ್ಕಳ ಹುಡುಕಿಕೊಂಡು ಬಂದು ಕತ್ತರಿಸ್ತಾನೆ. ಅವನು ಕಟ್ಟೋಕೆ ಬಂದಿರಲಿಲ್ಲ ಮೇಸ್ತ್ರಿಗಳೇ. ನಿಲ್ಲಿಸೋಕೆ ಬಂದಿದ್ದ. ಆ ಹೊಗೆಯೊಳಗೆ ನಡೆದುಕೊಂಡು ಬಂದಿದ್ದ."

ದೊಡ್ಡ ಮೈಯ ಮನುಷ್ಯ ಮೆಟ್ಟಿಲ ಮೇಲೆ ನಿಧಾನವಾಗಿ ಕುಸಿದು ಕೂತ. ಕಬ್ಬಿಣ ಕಿರುಗುಟ್ಟಿತು.

ಹೊಗೆಯಮ್ಮ ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತಳು. ಮುಖ ನೋಡಲಿಲ್ಲ. ಕೆಲವು ಮಾತುಗಳು ಮುಖ ನೋಡಿದರೆ ಹೊರಗೆ ಬರುವುದಿಲ್ಲ.

"ನಿಮ್ಮ ಹೆಂಡತಿ ಮೂರು ದಿನದಿಂದ ತಮ್ಮನ ಮಂಚದ ಪಕ್ಕ ಕೂತಿದ್ದಾರೆ. ನೀವು ಒಂದು ಸಲನೂ ಅಲ್ಲಿಗೆ ಹೋಗಿಲ್ಲ."

"ಹೇಗೆ ಹೋಗ್ಲಿ?"

"ಏನು ಸುಟ್ರಿ?"

ಅವನು ಬಾಯಿಬಿಟ್ಟ. ಮಾತು ಬಾವಿಯ ತಳದಿಂದ ಬಂದ ಹಾಗಿತ್ತು.

"ಎಂಟು ಡ್ರಮ್ಮು. ಮ್ಯಾನೇಜರು ಹೇಳಿದ್ದು, ಒಪ್ಪಿಗೆಯಿಲ್ಲದ ಮಾಲು, ಮಂಜು ಬಿದ್ದ ದಿನ ನೋಡಿ ಸುಟ್ಟುಬಿಡು ಅಂತ. ಮಂಜಲ್ಲಿ ಹೊಗೆ ಯಾರಿಗೂ ಕಾಣಲ್ಲ. ಎಷ್ಟು ಕಪ್ಪಗಿದ್ರೂ ಕಾಣಲ್ಲ. ನಮಗೆಲ್ಲ ಗೊತ್ತಿರೋ ಉಪಾಯ ಅದು."

"ಮಂಜು ಹೊಗೆಯನ್ನ ಮೇಲಕ್ಕೆ ಬಿಡಲ್ಲ ಅನ್ನೋದು ಗೊತ್ತಿರಲಿಲ್ವಾ? ಕಂಬಳಿ ಹೊದಿಸಿದ ಹಾಗೆ ಕೆಳಗೇ ಕೂರಿಸಿಬಿಡುತ್ತೆ."

"ಕಾಣಲ್ಲ ಅನ್ನೋದಷ್ಟೇ ಯೋಚಿಸಿದ್ವಿ ಮೇಡಂ. ಕಾಣದಿದ್ದದ್ದು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಲಿಲ್ಲ."

"ಡ್ರಮ್ಮಿನ ಮೇಲೆ ಹೆಸರು ಅಂಟಿಸಿರುತ್ತಲ್ಲ."

"ಇತ್ತು. ನಾನೇ ಕೆರೆದು ತೆಗೆದೆ. ಒಲೆಗೇ ಹಾಕಿದೆ."

"ಏನು ಬರೆದಿತ್ತು?"

"ಓದಲಿಲ್ಲ."

"ನಿಮಗೆ ಓದೋಕೆ ಬರುತ್ತೆ."

"ಬರುತ್ತೆ." ಅವನು ಎರಡೂ ಅಂಗೈ ಬಿಡಿಸಿ ನೋಡಿಕೊಂಡ. "ಓದಿದ್ರೆ ಗೊತ್ತಾಗಿಬಿಡ್ತಿತ್ತಲ್ಲ ಮೇಡಂ. ಅದಕ್ಕೇ ಓದಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಕೆರೆದೆ."

ಇಪ್ಪತ್ತಾರು ವರ್ಷದಲ್ಲಿ ಹೊಗೆಯಮ್ಮ ಸುಳ್ಳುಗಳನ್ನು ಬೇಕಾದಷ್ಟು ಕೇಳಿದ್ದಳು. ಈ ನಿಜದ ಮುಂದೆ ಅವು ಹಗುರವಾಗಿ ಕಂಡವು. ಬೆಂಕಿಗೆ ಎಣ್ಣೆಯನ್ನು ತಿನ್ನಲು ಗೊತ್ತು, ಬಣ್ಣವನ್ನು ತಿನ್ನಲು ಗೊತ್ತು. ಲೋಹವನ್ನು ಅದು ತಿನ್ನುವುದಿಲ್ಲ. ಲೋಹ ಹೊಗೆಯ ಬೆನ್ನೇರಿ ಹೊರಟು, ಉಸಿರಾಡುವ ಜೀವವೊಂದು ಸಿಕ್ಕಲ್ಲಿ ಇಳಿದುಕೊಳ್ಳುತ್ತದೆ.

ಮುಂದಿನ ಮೂರು ಗಂಟೆ ಅವಳು ಕಾಲು ನೆಲಕ್ಕೆ ತಾಗದ ಹಾಗೆ ಓಡಾಡಿದಳು. ಡ್ರಮ್ಮುಗಳು ಅದೇ ದಿನ ಗುಜರಿಗೆ ಹೋಗಿ ಚಪ್ಪಟೆಯಾಗಿದ್ದವು. ಮ್ಯಾನೇಜರ ಕೋಣೆಗೆ ಬೀಗ; ಒಡೆದು ನೋಡಿದರೆ ಖಾಲಿ ಕಪಾಟು. ಗೇಟಿನವನ ಪುಸ್ತಕದಲ್ಲಿ ಆ ವಾರದ ಹಾಳೆಗಳೇ ಇರಲಿಲ್ಲ. ಒಲೆಯ ಬೂದಿಯನ್ನು ನೀರು ಹಾಕಿ ತೊಳೆದಿದ್ದರು. ಹನ್ನೊಂದಾಗುವಾಗ ಅವಳ ಕೈಯಲ್ಲಿದ್ದದ್ದು ಒಂದು ತುಂಡು ತಂತಿ, ಓದದ ಮನುಷ್ಯ.

"ಏಳಿ," ಎಂದಳು ಮೇಸ್ತ್ರಿಗೆ. "ಬಣ್ಣ, ವಾಸನೆ, ಎಷ್ಟು ಗಟ್ಟಿಯಿತ್ತು, ನೆನಪಿದ್ದದ್ದೆಲ್ಲ ಡಾಕ್ಟರಿಗೆ ಹೇಳಿ."

"ನನ್ನ ಹೆಂಡತಿ ಮುಂದೆ ಬೇಡ ಮೇಡಂ."

"ಅವರ ಮುಂದೆಯೇ."

ಆಸ್ಪತ್ರೆಯ ಎರಡನೆಯ ಮಹಡಿಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಅದರ ತುದಿಯಲ್ಲಿ ಕೆಂಡಣ್ಣನ ಅಕ್ಕ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಕೈಚೀಲ, ಅದರ ಮೇಲೆ ಎರಡೂ ಕೈ. ಗಾಜಿನ ಬಾಗಿಲಾಚೆ ಅವಳ ತಮ್ಮ, ಮೂಗಿಗೆ ಕೊಳವೆ, ಎದೆ ಏರುವುದೇ ಕಾಣದಷ್ಟು ಮೆಲ್ಲಗೆ ಏರಿಳಿಯುತ್ತಿತ್ತು.

ಗಂಡನನ್ನು ನೋಡಿ ಅವಳು ಏಳಲಿಲ್ಲ. "ಡಬ್ಬಿಯಲ್ಲಿ ರೊಟ್ಟಿ ಇತ್ತು. ತಿಂದ್ರಾ?" ಎಂದಳು.

ಮೇಸ್ತ್ರಿ ತಲೆ ತಗ್ಗಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ನಿಂತಲ್ಲೇ ಎಲ್ಲ ಹೇಳಿದ. ಎಂಟು ಡ್ರಮ್ಮು, ಮಂಜು, ತಂತಿ. ತಾನು ಬರೆದ ಪುಟ. ತಾನು ಕೊಟ್ಟ ಸುಳ್ಳು ಹೇಳಿಕೆ. "ನಿನ್ನ ತಮ್ಮ ನಿಲ್ಲಿಸೋಕೆ ಬಂದ. ತಪ್ಪು ಅವನದು ಅಂತ ನಾನು ಬರೆದುಕೊಟ್ಟೆ."

ಅಕ್ಕ ಕೇಳಿಸಿಕೊಂಡಳು. ಅವಳ ಬೆರಳುಗಳು ಮಾತ್ರ ಕೈಚೀಲದ ಬಾಯಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡವು.

ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸು, ನಿದ್ದೆಗೆಟ್ಟ ಕಣ್ಣು. ಮೇಸ್ತ್ರಿಯ ಮಾತು ಕೇಳಿ ತಲೆಯಾಡಿಸಿದರು.

"ಕಂದು ಬಣ್ಣ, ಗಟ್ಟಿ, ಕೆಟ್ಟ ವಾಸನೆ. ಇಷ್ಟರಿಂದ ಏನೂ ಆಗಲ್ಲ. ಮೂರು ಲೋಹದಲ್ಲಿ ಯಾವುದು ಬೇಕಾದ್ರೂ ಆಗಿರಬಹುದು." ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ಮೂವತ್ತೈದು. "ಇನ್ನು ಕಾಯೋದು ಬೇಡ. ನಾನು ಒಂದನ್ನ ಆರಿಸ್ತೀನಿ."

"ತಪ್ಪಿದ್ರೆ?" ಎಂದಳು ಅಕ್ಕ.

"ತಪ್ಪಿದ್ರೆ ನಾಳೆ ಬೆಳಿಗ್ಗೆ ಅವರು ಇರಲ್ಲ ತಾಯಿ. ಕೊಡದಿದ್ರೂ ಇರಲ್ಲ."

ಹೊಗೆಯಮ್ಮ ಗೋಡೆಗೆ ಒರಗಿದಳು. ತನಗೇ ಹೇಳಿಕೊಳ್ಳುವ ಹಾಗೆ ಮಾತಾಡಿದಳು.

"ಒಂದು ಚೀಟಿ ಸಿಕ್ಕಿದ್ರೆ ಸಾಕಾಗಿತ್ತು. ಯಾವ ಮಾಲೂ ಚೀಟಿಯಿಲ್ಲದೆ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗೋ ಹಾಗಿಲ್ಲ. ಅದರಲ್ಲಿ ಹೆಸರು ಇರಲ್ಲ, ಮೂರಂಕಿ ಸಂಖ್ಯೆ ಇರುತ್ತೆ, ಅಷ್ಟೇ. ನೋಡಿದವರಿಗೆ ಏನೂ ತಿಳಿಯಲ್ಲ. ಆ ಸಂಖ್ಯೆ ಓದೋಕೆ ನನಗೆ ಬರುತ್ತೆ."

ಅಕ್ಕ ತಲೆಯೆತ್ತಿದಳು.

"ಸಂಖ್ಯೆ ನೋಡಿದ್ರೆ ಯಾವ ಮದ್ದು ಅಂತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಆ ಚೀಟಿನಾ? ಅದೇ ಚೀಟಿನಾ ನೀವೆಲ್ಲ ಹುಡುಕ್ತಿರೋದು?"

ಅವಳ ಧ್ವನಿಯಲ್ಲಿ ಏನೋ ಮುರಿದ ಸದ್ದಿತ್ತು. ಕೈಚೀಲದ ಬಾಯಿ ಬಿಚ್ಚಿ, ತಳದಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಅದರ ಮೂಲೆಯಲ್ಲಿ ಎಣ್ಣೆಯ ಹೆಬ್ಬೆಟ್ಟಿತ್ತು.

"ಅವನ ಅಂಗಿ ಜೇಬಲ್ಲಿತ್ತು. ಇಲ್ಲಿ ಬಟ್ಟೆ ಬಿಚ್ಚಿ ಕೊಟ್ಟಾಗ ಸಿಕ್ತು. ಮಾಲು ಪಡೆದವರು ಅನ್ನೋ ಕಡೆ ಅವನ ಸಹಿ ಇದೆ. ವಿಷ ತರಿಸಿಕೊಂಡವನು ಇವನೇ ಅಂತ ಪೊಲೀಸರು ಮಂಚದಿಂದಲೇ ಎಳೆದುಕೊಂಡು ಹೋಗ್ತಾರೆ ಅಂತ, ಸಹಿ ಕಂಡ ಕೂಡಲೇ ಮಡಿಚಿ ಬಚ್ಚಿಟ್ಟೆ." ಉಸಿರು ಎಳೆದುಕೊಂಡಳು. "ಏನು ಸುಟ್ಟರು ಅಂತ ಎಲ್ಲರೂ ಕೇಳಿದ್ರಿ. ನನಗೆ ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ. ಚೀಟಿ ಇದೆಯಾ ಅಂತ ಯಾರೂ ಕೇಳಲಿಲ್ಲ."

ಕೇಳಬೇಕಾದವಳು ಹೊಗೆಯಮ್ಮನೇ. ಚೀಟಿಯೆಂದರೆ ಕಾರ್ಖಾನೆಯ ಕಪಾಟಿನಲ್ಲಿರುತ್ತದೆ ಎಂದುಕೊಂಡಿದ್ದಳು. ಮನುಷ್ಯನ ಎದೆಯ ಮೇಲಿನ ಜೇಬಿನಲ್ಲೂ ಇರಬಹುದೆಂದು ಹೊಳೆದಿರಲಿಲ್ಲ.

ಮಡಿಕೆ ಬಿಡಿಸಿದಳು. ಎಂಟು ಡ್ರಮ್ಮು. ಎಲ್ಲಕ್ಕೂ ಒಂದೇ ಸಂಖ್ಯೆ.

"ನಾನೂರ ಹನ್ನೊಂದು," ಎಂದಳು. "ಮರ ಕೊಳೆಯದ ಹಾಗೆ ಹಚ್ಚೋ ಮದ್ದಿನ ಗಸಿ. ಆರ್ಸೆನಿಕ್, ಡಾಕ್ಟರೇ. ಪಾಷಾಣ."

"ಎಂಟೂ ಅದೇನಾ?"

"ಎಂಟೂ."

"ಖಚಿತ?"

"ಆ ಪಟ್ಟಿ ಬರೆದವರಲ್ಲಿ ನಾನೂ ಒಬ್ಬಳು."

ಡಾಕ್ಟರು ನರ್ಸನ್ನು ಕೂಗಿಕೊಂಡೇ ಒಳಗೆ ಓಡಿದರು. ಗಾಜಿನ ಬಾಗಿಲು ಎರಡು ಸಲ ತೂಗಾಡಿ ನಿಂತಿತು. ಮೇಸ್ತ್ರಿ ಆ ಬಾಗಿಲಿಗೆ ಹಣೆ ಒತ್ತಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಹೆಂಡತಿ ನೋಡಿದಳು, ಹತ್ತಿರ ಹೋಗಲಿಲ್ಲ.

"ಇನ್ನು ನೀವು ಏನು ಬೇಕಾದ್ರೂ ಮಾಡಿ ಅಮ್ಮ," ಎಂದಳು ಹೊಗೆಯಮ್ಮನಿಗೆ. "ಬದುಕಿ ಜೈಲಿಗೆ ಹೋದ್ರೂ ನಾನು ಹೋಗಿ ನೋಡಿಕೊಂಡು ಬರ್ತೀನಿ. ಒಂದು ಮಾತು ಮಾತ್ರ ಹೇಳಿ. ನನ್ನ ತಮ್ಮ ಕಳ್ಳನಾ?"

ಹೊಗೆಯಮ್ಮ ಸಹಿ ನೋಡಿದಳು. ಕೆಂಡಣ್ಣನದೇ. ಉರುವಲು ಯಾವುದೇ ಬರಲಿ, ಬಾಯ್ಲರ್ ನಡೆಸುವವನು ಸಹಿ ಹಾಕಲೇಬೇಕು. ಅದು ಅವಳೇ ಬರೆದ ಒಂಬತ್ತನೆಯ ಷರತ್ತು.

ಆಮೇಲೆ ಕಾಗದ ತಿರುವಿದಳು.

ಹಿಂಬದಿಯಲ್ಲಿ ಪೆನ್ಸಿಲಿನ ಬರಹ. ಒಂದೊಂದು ಅಕ್ಷರವನ್ನೂ ಒತ್ತಿ ಬರೆದದ್ದು: 'ಈ ಮಾಲಿಗೆ ನಮ್ಮ ಒಲೆಗೆ ಒಪ್ಪಿಗೆ ಇಲ್ಲ. ಸುಡಬೇಕು ಅನ್ನುತ್ತಿದ್ದಾರೆ. ದಯವಿಟ್ಟು ನಿಲ್ಲಿಸಿ.'

ಅದರ ಕೆಳಗೆ ಅವಳ ಕಚೇರಿಯ ಮೊಹರು. ತಲುಪಿದೆ ಎಂದು ಒತ್ತಿ ಅವನಿಗೇ ಹಿಂದಿರುಗಿಸಿದ ಗುರುತು. ದಿನಾಂಕ, ಬೆಂಕಿ ಹಚ್ಚಿದ್ದಕ್ಕಿಂತ ಐದು ದಿನ ಮೊದಲಿನದು. ಮೊಹರಿನ ಪಕ್ಕದಲ್ಲಿ ಹಸಿರು ಶಾಯಿಯ ಚಿಕ್ಕ ಸಹಿ, ಬಾಲ ಸುತ್ತಿಕೊಂಡದ್ದು.

ಆ ಸಹಿಯನ್ನು ಅವಳು ದಿನವೂ ನೋಡುತ್ತಾಳೆ. ಅವಳ ರಜೆ ಅರ್ಜಿಯ ಮೇಲೆ, ಅವಳ ವರದಿಗಳ ಮೇಲೆ. ಕಚೇರಿಯಲ್ಲಿ ಹಸಿರು ಶಾಯಿ ಬಳಸುವವರು ಒಬ್ಬರೇ, ಅವಳ ಮೇಲಧಿಕಾರಿ. ನಿನ್ನೆ ಸಂಜೆ ಅವಳನ್ನು ಕೋಣೆಗೆ ಕರೆದು, ನೀರು ಕೊಟ್ಟು, ಬಾಯ್ಲರಿನವನ ಅಜಾಗರೂಕತೆ ಎಂದು ಬರೆದು ಮುಗಿಸಿಬಿಡಮ್ಮ, ಪಾಪ ಅವನೂ ಉಳಿಯುವ ಹಾಗಿಲ್ಲ ಎಂದವರು.

ಹೊಗೆಯಮ್ಮನ ಹೆಗಲಚೀಲದಲ್ಲಿ ಫೋನು ಅದುರಿತು. ಅವರದೇ. ಅವಳು ಎತ್ತಲಿಲ್ಲ. ಅದುರಿ ಅದುರಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಒಂದು ಸಂದೇಶ ಬಂತು: 'ಆಸ್ಪತ್ರೆಯಲ್ಲಿದ್ದೀಯಂತೆ. ಅಲ್ಲೇ ಇರು. ಬರುತ್ತಿದ್ದೇನೆ.'

ಅವಳು ಆಸ್ಪತ್ರೆಗೆ ಬಂದಿರುವುದನ್ನು ಯಾರಿಗೂ ಹೇಳಿರಲಿಲ್ಲ.

ಪಡಸಾಲೆಯ ಎರಡೂ ತುದಿ ನೋಡಿದಳು. ಆ ಕಡೆ ಮೆಟ್ಟಿಲು, ಈ ಕಡೆ ಲಿಫ್ಟು. ಮನಸ್ಸಿನಲ್ಲೇ ದೇವರನ್ನು ನೆನೆದಳು. ಏನನ್ನೂ ಬೇಡಲಿಲ್ಲ, ನೆನೆದಳು ಅಷ್ಟೇ. ಫೋನು ತೆಗೆದು ಚೀಟಿಯ ಎರಡೂ ಬದಿಯ ಚಿತ್ರ ಹಿಡಿದುಕೊಂಡಳು. ಕಾಗದವನ್ನು ಮೊದಲಿನ ಹಾಗೆ ನಾಲ್ಕು ಮಡಿಕೆ ಮಾಡಿದಳು.

"ನಿಮ್ಮ ತಮ್ಮ ಕಳ್ಳ ಅಲ್ಲ ತಾಯಿ. ಅವನು ಹೇಳಬೇಕಾದವರಿಗೆ, ಹೇಳಬೇಕಾದ ಹೊತ್ತಿಗೆ ಹೇಳಿದ್ದ. ಕೇಳಿಸಿಕೊಳ್ಳದೆ ಇದ್ದದ್ದು ನಮ್ಮ ಕಚೇರಿ."

ಅಕ್ಕನ ಕಣ್ಣು ತುಂಬಿತು, ಹನಿ ಕೆಳಗಿಳಿಯಲಿಲ್ಲ.

"ಈಗ ಒಬ್ಬರು ಬರ್ತಾರೆ. ದೊಡ್ಡವರು, ಒಳ್ಳೆ ಮಾತಾಡ್ತಾರೆ. ಚೀಟಿ ಕೇಳ್ತಾರೆ. ಇಲ್ಲ ಅನ್ನಿ. ನಮ್ಮ ಕಚೇರಿಯಿಂದ ಯಾರೇ ಬಂದು ಕೇಳಿದ್ರೂ ಇಲ್ಲ ಅನ್ನಿ. ಅವರ ಎದುರಿಗೆ ನಾನು ಕೇಳಿದ್ರೂ ಕೊಡಬೇಡಿ."

"ನೀವು ಕೇಳಿದ್ರೂ?"

"ನಾನು ಕೇಳಿದ್ರೂ. ನನ್ನ ಕೈಯಲ್ಲಿದ್ರೆ ಅದನ್ನ ಕೇಳಿ ಇಸ್ಕೊಳ್ಳೋ ಅಧಿಕಾರ ಅವರಿಗಿದೆ."

ಲಿಫ್ಟಿನ ಬಾಗಿಲು ತೆರೆಯುವ ಸದ್ದಾಯಿತು. ಹೊಗೆಯಮ್ಮ ಆ ಕಡೆ ತಿರುಗಲಿಲ್ಲ. ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದುಕೊಳ್ಳುವವಳ ಹಾಗೆ ಹಿಡಿದು, ಕೆಂಡಣ್ಣನ ಚೀಟಿಯನ್ನು ಸದ್ದಿಲ್ಲದೆ ಅವಳ ಅಂಗೈಗೆ ದಾಟಿಸಿದಳು.